ಮೊದಲ ರೋಬೋಟ್ ಕಿಟ್: ತಲೆ ನೋಡುವ ಮೊದಲು ಕಾಲು ನೋಡಿ

ರೋಬೋಟ್ ಕಿಟ್ ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: ಆರ್ಡುಯಿನೊ ತಗೊಳ್ಳಲೋ, ಮೈಕ್ರೋಬಿಟ್ ತಗೊಳ್ಳಲೋ, ರಾಸ್ಪ್‌ಬೆರಿ ಪೈ ತಗೊಳ್ಳಲೋ? ಇವು ರೋಬೋಟಿನ ತಲೆಯಾಗಿ ಕೋಡ್ ನಡೆಸುವ ಪುಟ್ಟ ಬೋರ್ಡುಗಳು. ಮಾರುವವರೂ ಪೆಟ್ಟಿಗೆಯ ಮೇಲೆ ಆ ಹೆಸರನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿರುತ್ತಾರೆ. ಆದರೆ ಜೋಡಿಸಿ ಮುಗಿಸಿದ ರೋಬೋಟ್ ನೆಟ್ಟಗೆ ಓಡದೆ ಎಡಕ್ಕೆ ಎಳೆಯುತ್ತಿದ್ದರೆ, ಗೋಡೆಗೆ ತಾಗಿದ ಕೂಡಲೇ ತನ್ನಷ್ಟಕ್ಕೆ ಆಫ್ ಆಗಿ ಮತ್ತೆ ಆನ್ ಆಗುತ್ತಿದ್ದರೆ, ಅದರಲ್ಲಿ ಬೋರ್ಡಿನ ತಪ್ಪು ಇರುವುದು ಅಪರೂಪ. ತಪ್ಪು ಇರುವುದು ರೋಬೋಟಿನ ಕಾಲು ಎನ್ನಬಹುದಾದ ಮೋಟರ್, ಬೋರ್ಡಿನ ಆಜ್ಞೆಯಂತೆ ಅದಕ್ಕೆ ಕರೆಂಟ್ ಕೊಡುವ ಮೋಟರ್ ಡ್ರೈವರ್, ಬ್ಯಾಟರಿ ಈ ಮೂರರಲ್ಲಿ. ಪೆಟ್ಟಿಗೆಯ ಮೇಲೆ ಇವುಗಳ ಹೆಸರು ಸಣ್ಣಕ್ಷರದಲ್ಲಾದರೂ ಇದ್ದರೆ ಪುಣ್ಯ.

ಅದಕ್ಕೂ ಮೊದಲು ಇನ್ನೊಂದು ತೀರ್ಮಾನ ಆಗಬೇಕು. ಪುಟ್ಟ ರೋಬೋಟ್ ಕಟ್ಟುವುದೆಂದರೆ ಮೂರು ಬೇರೆಬೇರೆ ಕೆಲಸ: ಮೈ ಕಟ್ಟುವುದು, ವಿದ್ಯುತ್ ಹರಿಸುವುದು, ಕೋಡ್ ಬರೆಯುವುದು. ಪ್ರತಿ ಕಿಟ್ಟೂ ಇವುಗಳಲ್ಲಿ ಒಂದನ್ನೋ ಎರಡನ್ನೋ ತಾನೇ ಮುಗಿಸಿಕೊಟ್ಟು ಉಳಿದದ್ದನ್ನು ನಿಮಗೆ ಬಿಡುತ್ತದೆ. ತಂತಿ ಎಂದರೆ ಭಯಪಡುವವರಿಗೆ ಬೆಸುಗೆ ಹಾಕುವ ಕಿಟ್ ಕೊಟ್ಟರೂ ಕಷ್ಟ, ಬೆಸುಗೆಗೆಂದೇ ಹಾತೊರೆಯುವವರಿಗೆ ಪ್ಲಗ್ ಚುಚ್ಚಿದರೆ ಮುಗಿಯುವ ಕಿಟ್ ಕೊಟ್ಟರೂ ಕಷ್ಟ. "ಎಷ್ಟು ವಯಸ್ಸಿನವರಿಗೆ" ಎಂದು ಪೆಟ್ಟಿಗೆಯ ಮೇಲೆ ಇರುವ ಅಂಕಿಗಿಂತ ಈ ಪ್ರಶ್ನೆಯೇ ಮುಖ್ಯ.

ಕೋಡ್ ಇಲ್ಲದವು

ಪ್ರೋಗ್ರಾಂ ಇಲ್ಲದಿದ್ದರೆ ಅದು ರೋಬೋಟೇ ಅಲ್ಲ ಎನ್ನುವವರಿದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆದುಳಿನ ವಿಜ್ಞಾನಿ ಗ್ರೇ ವಾಲ್ಟರ್ 1948-49ರಲ್ಲಿ ಕಟ್ಟಿದ ಎಲ್ಮರ್, ಎಲ್ಸಿ ಎಂಬ ಎರಡು 'ಆಮೆ'ಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಎರಡು ನಿರ್ವಾತ ಕವಾಟ (ಹಳೇ ರೇಡಿಯೊಗಳ ವಾಲ್ವ್), ಒಂದು ಬೆಳಕಿನ ಸೆನ್ಸರ್, ಡಿಕ್ಕಿ ಹೊಡೆದರೆ ತಿಳಿಸುವ ಒಂದು ಸಂಪರ್ಕ, ಅಷ್ಟೇ. ಅಷ್ಟರಲ್ಲೇ ಅವು ಬೆಳಕು ಹುಡುಕಿಕೊಂಡು ಹೋಗುತ್ತಿದ್ದವು, ಅಡ್ಡಿ ಬಂದರೆ ಸುತ್ತಿ ಬಳಸುತ್ತಿದ್ದವು, ಬ್ಯಾಟರಿ ಇಳಿದಾಗ ಚಾರ್ಜ್ ಆಗುವ ಗೂಡಿಗೆ ಮರಳುತ್ತಿದ್ದವು.

ಆ ಪರಂಪರೆಯ ಅಗ್ಗದ ಕುಡಿ ಇವತ್ತಿಗೂ ಸಿಗುತ್ತದೆ: ಎಲ್‌ಎಂ393 ಎಂಬ ಕಂಪೇರೇಟರ್ ಚಿಪ್ಪಿನ ಗೆರೆ ಹಿಂಬಾಲಿಸುವ ಕಿಟ್. ನೆಲಕ್ಕೆ ಬೆಳಕು ಚೆಲ್ಲಲು ಎರಡು ಎಲ್‌ಇಡಿ, ಮರಳಿ ಬಂದ ಬೆಳಕನ್ನು ಅಳೆಯಲು ಎರಡು ಎಲ್‌ಡಿಆರ್. ಎಡಗಣ್ಣು ಕಪ್ಪು ಗೆರೆಯ ಮೇಲೆ ಬಂದರೆ ಎಡ ಮೋಟರ್ ನಿಲ್ಲುತ್ತದೆ, ರೋಬೋಟ್ ಎಡಕ್ಕೆ ತಿರುಗುತ್ತದೆ. ಇಡೀ 'ಬುದ್ಧಿ' ಇರುವುದು ಎರಡು ವೋಲ್ಟೇಜುಗಳ ಹೋಲಿಕೆಯಲ್ಲಿ. ಬೆಸುಗೆ ಕಲಿಯಲು ಇದಕ್ಕಿಂತ ಒಳ್ಳೆಯ ಕಿಟ್ ನನಗೆ ಗೊತ್ತಿಲ್ಲ. ಬಿಡಿಭಾಗವೊಂದರ ತಂತಿಕಾಲು ಸರಿಯಾಗಿ ಅಂಟದಿದ್ದರೆ ರೋಬೋಟ್ ಒಂದೇ ಕಡೆ ಗಿರಗಿರ ಸುತ್ತುತ್ತದೆ, ಎಲ್ಲಿ ಹುಡುಕಬೇಕೆಂದು ಅದೇ ತೋರಿಸಿಕೊಡುತ್ತದೆ. ಮಿತಿಯೂ ಸ್ಪಷ್ಟ: ಗೆರೆ ಹಿಂಬಾಲಿಸುವುದನ್ನು ಬಿಟ್ಟು ಬೇರೇನೂ ಮಾಡದು. ಒಂದು ವಾರಾಂತ್ಯದ ಸಂತೋಷ ಎಂದು ತಿಳಿದೇ ಕೊಳ್ಳಬೇಕು.

ಇನ್ನೂ ವಿಚಿತ್ರವಾದದ್ದು ಬೇಕೆಂದರೆ ಮಾರ್ಕ್ ಟಿಲ್ಡನ್ ಹುಟ್ಟುಹಾಕಿದ 'ಬೀಮ್' ಶೈಲಿಯ ಸೌರ ರೋಬೋಟುಗಳಿವೆ. ಪುಟ್ಟ ಸೌರಫಲಕ ವಿದ್ಯುತ್ ಕೂಡಿಡುವ ಕೆಪ್ಯಾಸಿಟರ್ ಅನ್ನು ನಿಧಾನಕ್ಕೆ ತುಂಬುತ್ತದೆ. ತುಂಬಿದಾಗ ಸರ್ಕ್ಯೂಟ್ ಅಷ್ಟನ್ನೂ ಒಮ್ಮೆಲೇ ಮೋಟರಿಗೆ ಸುರಿಯುತ್ತದೆ. ರೋಬೋಟ್ ಒಂದು ಹೆಜ್ಜೆ ಜಿಗಿದು ಮತ್ತೆ ಸುಮ್ಮನಾಗುತ್ತದೆ. ಬ್ಯಾಟರಿ ಬದಲಿಸುವ ಗೋಜಿಲ್ಲ. ತಾಳ್ಮೆ ಇರುವವರಿಗೆ ಮಾತ್ರ.

ಕಚ್ಚಿಸಿ ಕಟ್ಟುವವು

ಲೆಗೊ, ವೆಕ್ಸ್ ಐಕ್ಯೂ ಇವುಗಳ ಬಲ ಮೈ ಕಟ್ಟುವುದರಲ್ಲಿದೆ. ಇವತ್ತು ಗಾಡಿ, ನಾಳೆ ಏಡಿ, ನಾಡಿದ್ದು ಬಣ್ಣ ವಿಂಗಡಿಸುವ ಯಂತ್ರ. ಗೇರಿನ ಅನುಪಾತ, ಸನ್ನೆ, ತೂಕದ ಸಮತೋಲನ ಇವೆಲ್ಲ ಕೈಗೇ ಅರ್ಥವಾಗುವುದು ಇಲ್ಲಿ. ಇವುಗಳ ಮೋಟರುಗಳ ಒಳಗೇ ತಿರುಗುವಿಕೆ ಅಳೆಯುವ ಎನ್‌ಕೋಡರ್ ಇರುವುದು ಇನ್ನೊಂದು ದೊಡ್ಡ ಅನುಕೂಲ. ಅದೇಕೆ ಅಷ್ಟು ಮುಖ್ಯ ಎಂಬುದು ಮುಂದೆ ಬರುತ್ತದೆ. ವಿದ್ಯುತ್ತಿನ ಪಾಠ ಮಾತ್ರ ಶೂನ್ಯ, ಎಲ್ಲವೂ ಪ್ಲಗ್ಗಿನೊಳಗೆ ಅಡಗಿರುತ್ತದೆ.

ಬೆಲೆ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿರುವ ದೂರು. ಅದಕ್ಕಿಂತ ಗಂಭೀರವಾದದ್ದು ಆಯಸ್ಸಿನ ಪ್ರಶ್ನೆ. ಲೆಗೊ ಮೈಂಡ್‌ಸ್ಟಾರ್ಮ್ಸ್ 1998ರಲ್ಲಿ ಶುರುವಾಗಿ, 2006ರಲ್ಲಿ ಎನ್‌ಎಕ್ಸ್‌ಟಿ, 2013ರಲ್ಲಿ ಇವಿ3, 2020ರಲ್ಲಿ ರೋಬೋಟ್ ಇನ್ವೆಂಟರ್ ಎಂದು ರೂಪ ಬದಲಿಸುತ್ತ ಬಂದು 2022ರ ಕೊನೆಗೆ ನಿಂತೇಹೋಯಿತು. ಪ್ಲಾಸ್ಟಿಕ್ ತುಂಡುಗಳು ತಲೆಮಾರು ಬಾಳುತ್ತವೆ. ಅವನ್ನು ಓಡಿಸುವ ಆ್ಯಪ್‌ಗೆ ಆ ಖಾತ್ರಿ ಇಲ್ಲ. ಹಳೆಯ ಸೆಟ್ ಕೊಳ್ಳುವವರು ಅದರ ಸಾಫ್ಟ್‌ವೇರ್ ತಮ್ಮ ಕಂಪ್ಯೂಟರಿನಲ್ಲಿ ಈಗಲೂ ನಡೆಯುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಇವಿ3ಗೆ ಮೈಕ್ರೋಪೈಥಾನ್ (ಪುಟ್ಟ ಬೋರ್ಡುಗಳಿಗೆಂದೇ ಇರುವ ಪೈಥಾನ್ ಭಾಷೆ) ಹಾಕಿಕೊಳ್ಳುವ ದಾರಿ ಇದೆ, ಹಾಗಾಗಿ ಅದು ಅಷ್ಟು ಬೇಗ ಅನಾಥವಾಗದು.

ಮೇಕ್‌ಬ್ಲಾಕ್‌ನ ಎಂಬಾಟ್ ನಡುವಿನ ದಾರಿ. ಅಲ್ಯೂಮಿನಿಯಂ ಚಾಸಿಸ್, ಸ್ಕ್ರೂಡ್ರೈವರ್ ಸಾಕು, ಪರದೆಯ ಮೇಲೆ ತುಂಡುಗಳನ್ನು ಎಳೆದು ಜೋಡಿಸುವ, ಸ್ಕ್ರ್ಯಾಚ್ ಮಾದರಿಯ ಬ್ಲಾಕ್ ಕೋಡ್. ಮೊದಲ ಎಂಬಾಟ್‌ನ ಬೋರ್ಡ್ ಆರ್ಡುಯಿನೊ ಊನೊಗೆ ಹೊಂದುವಂಥದ್ದು, ಎಂಬಾಟ್2ರದು ಇಎಸ್‌ಪಿ32 ಆಧಾರಿತ. ಬ್ಲಾಕುಗಳು ಸಾಕೆನಿಸಿದ ದಿನ ಅಕ್ಷರದ ಕೋಡಿಗೆ ಹೊರಳಬಹುದು. ಕಿಟ್ ಹಳತಾಗದಿರಲು ಇಂಥ ಹಿಂಬಾಗಿಲು ಒಂದು ಇರಬೇಕು.

ತಲೆ: ಬೋರ್ಡುಗಳ ಲೆಕ್ಕ

ಎರಡು ಚಕ್ರದ ಗಾಡಿಗೆ ಬೇಕಾದ ಬುದ್ಧಿ ಬಹಳ ಕಡಿಮೆ, ಯಾವ ಬೋರ್ಡ್ ಆದರೂ ಸಾಲುತ್ತದೆ. ವ್ಯತ್ಯಾಸ ಇರುವುದು ವೇಗದಲ್ಲಿ ಅಲ್ಲ, ಜೊತೆಗೆ ಬರುವ ಸೌಕರ್ಯ ಮತ್ತು ತಲೆನೋವುಗಳಲ್ಲಿ.

ಆರ್ಡುಯಿನೊ ಊನೊ ಆರ್3ರಲ್ಲಿರುವುದು 16 ಮೆಗಾಹರ್ಟ್ಜ್ ವೇಗದ ಎಟಿಮೆಗಾ328ಪಿ, 32 ಕಿಲೋಬೈಟ್ ಫ್ಲ್ಯಾಶ್, ಬರೀ 2 ಕಿಲೋಬೈಟ್ ರ‍್ಯಾಮ್. ಕಾಗದದ ಮೇಲೆ ಬಡಪಾಯಿ. ಆದರೆ 5 ವೋಲ್ಟಿನಲ್ಲಿ ನಡೆಯುವುದರಿಂದ ಅಗ್ಗದ ಸೆನ್ಸರುಗಳು ನೇರವಾಗಿ ಹೊಂದುತ್ತವೆ. ತಪ್ಪು ತಂತಿಯನ್ನು ಒಂದಿಷ್ಟು ಸಹಿಸಿಕೊಳ್ಳುತ್ತದೆ. ಎದುರಾಗುವ ಯಾವುದೇ ತೊಂದರೆಗೂ ಯಾರೋ ಎಂದೋ ಉತ್ತರ ಬರೆದಿಟ್ಟಿರುತ್ತಾರೆ. ಅಗ್ಗದ ಕಿಟ್ಟಿನಲ್ಲಿ ಬರುವುದು ಹೆಚ್ಚಾಗಿ ಇದರ ನಕಲು. ವಿನ್ಯಾಸ ಮುಕ್ತವಾದ್ದರಿಂದ ನಕಲು ಎಂದರೆ ಕಳ್ಳಮಾಲು ಎಂದೇನಲ್ಲ. ಹಲವು ನಕಲುಗಳಲ್ಲಿ ಸಿಎಚ್340 ಎಂಬ ಯುಎಸ್‌ಬಿ ಚಿಪ್ ಇರುತ್ತದೆ, ಕಂಪ್ಯೂಟರ್ ಅದನ್ನು ಗುರುತಿಸದಿದ್ದರೆ ಕಂಪ್ಯೂಟರಿಗೆ ಅದರ ಡ್ರೈವರ್ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. 'ಬೋರ್ಡ್ ಸತ್ತಿದೆ' ಎಂದು ವಾಪಸ್ ಕಳಿಸುವ ಮೊದಲು ಇದನ್ನೂ, ಚಾರ್ಜ್ ಮಾತ್ರ ಮಾಡುವ ಕೇಬಲ್ ಸಿಕ್ಕಿಸಿಲ್ಲವಷ್ಟೇ ಎಂಬುದನ್ನೂ ನೋಡಿ.

ಮಕ್ಕಳಿಗೆ ನಾನು ಕೊಡುವುದಾದರೆ ಮೈಕ್ರೋಬಿಟ್. ಬಿಬಿಸಿಯ ಯೋಜನೆಯಾಗಿ 2016ರಲ್ಲಿ ಬ್ರಿಟನ್ನಿನ ಶಾಲಾಮಕ್ಕಳ ಕೈಗೆ ಬಂದ ಬೋರ್ಡ್ ಇದು. 25 ಎಲ್‌ಇಡಿಗಳ ಪುಟ್ಟ ಪರದೆ, ಎರಡು ಗುಂಡಿ, ಅಲುಗಾಟ ಅಳೆಯುವ ಸೆನ್ಸರ್, ದಿಕ್ಸೂಚಿ ಎಲ್ಲವೂ ಮೈಮೇಲೇ ಇವೆ. 2020ರ ಎರಡನೇ ಆವೃತ್ತಿಗೆ ಸ್ಪೀಕರ್, ಮೈಕ್ ಕೂಡ ಸೇರಿದವು. ಇದರ ನಿಜವಾದ ಗಮ್ಮತ್ತು ರೇಡಿಯೊ. ಒಂದನ್ನು ರೋಬೋಟಿನ ಮೇಲೆ ಕೂರಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಓರೆ ಮಾಡಿದರೆ ಗಾಡಿ ಆ ಕಡೆಗೆ ತಿರುಗುವಂತೆ ಮಾಡಲು ಬೆರಳೆಣಿಕೆಯ ಬ್ಲಾಕುಗಳು ಸಾಕು. ತಾನಾಗಿ ಮೋಟರ್ ಓಡಿಸುವ ಶಕ್ತಿ ಇದಕ್ಕಿಲ್ಲ, ಮೋಟರ್ ಡ್ರೈವರ್ ಇರುವ ಗಾಡಿಯ ಬೆನ್ನಿಗೆ ಚುಚ್ಚಬೇಕು.

ರಾಸ್ಪ್‌ಬೆರಿ ಪೈ ಪಿಕೊ (2021) ಪೈಥಾನ್ ಬಲ್ಲವರಿಗೆ ಒಳ್ಳೆಯ ಆಯ್ಕೆ. ಎರಡು ಕೋರ್, 264 ಕಿಲೋಬೈಟ್ ರ‍್ಯಾಮ್, ಪೆನ್‌ಡ್ರೈವಿಗೆ ಫೈಲ್ ಎಳೆದು ಹಾಕಿದ ಹಾಗೆ ಮೈಕ್ರೋಪೈಥಾನ್ ಹಾಕಿದರೆ ಸಿದ್ಧ. ಹೆಸರು ಒಂದೇ ಎಂದು ರಾಸ್ಪ್‌ಬೆರಿ ಪೈ ಜೊತೆ ಗೊಂದಲ ಬೇಡ, ಅದು ಲಿನಕ್ಸ್ ನಡೆಸುವ ಪೂರ್ಣ ಕಂಪ್ಯೂಟರ್. ಫೋನಿನಿಂದ ಓಡಿಸುವ ಆಸೆ ಇದ್ದರೆ ಇಎಸ್‌ಪಿ32, ವೈಫೈ ಬ್ಲೂಟೂತ್ ಎರಡೂ ಒಳಗೇ ಇವೆ. ಮೈಕ್ರೋಬಿಟ್, ಪಿಕೊ, ಇಎಸ್‌ಪಿ32 ಮೂರೂ 3.3 ವೋಲ್ಟಿನವು. ಎಚ್‌ಸಿ-ಎಸ್‌ಆರ್04 ಎಂಬ, ಶಬ್ದದಿಂದ ದೂರ ಅಳೆಯುವ ಜನಪ್ರಿಯ ಅಲ್ಟ್ರಾಸಾನಿಕ್ ಸೆನ್ಸರ್ 5 ವೋಲ್ಟಿನ ಸಂಕೇತ ಹಿಂದಿರುಗಿಸುತ್ತದೆ, ನಡುವೆ ವೋಲ್ಟೇಜ್ ತಗ್ಗಿಸುವ ಎರಡು ರೆಸಿಸ್ಟರಿನ ವಿಭಾಜಕ ಹಾಕದೆ ಚುಚ್ಚಿದರೆ ಪಿನ್ನಿಗೆ ಅಪಾಯ. ಕಿಟ್ ಮಾಡಿದವರು ಇದನ್ನು ಯೋಚಿಸಿದ್ದಾರೆಯೇ ಎಂಬುದರಲ್ಲೇ ಅವರ ಶ್ರದ್ಧೆ ಗೊತ್ತಾಗುತ್ತದೆ.

ಕ್ಯಾಮೆರಾ ಗಾಡಿ ಎಂದು ಬರುವ ಅಗ್ಗದ ಇಎಸ್‌ಪಿ32-ಕ್ಯಾಮ್ ಕಿಟ್‌ಗಳ ಬಗ್ಗೆ ಒಂದು ಮಾತು: ಚಿತ್ರ ಬರುತ್ತದೆ ನಿಜ, ಆದರೆ ಕ್ಯಾಮೆರಾ ಪಿನ್ನುಗಳನ್ನೆಲ್ಲ ತಿಂದುಹಾಕಿ ಉಳಿಸುವುದು ಕೆಲವನ್ನು ಮಾತ್ರ. ಮೂಲ ಬೋರ್ಡಿನಲ್ಲಿ ಯುಎಸ್‌ಬಿ ಕಿಂಡಿಯೂ ಇಲ್ಲ. ಮೊದಲ ಕಿಟ್ ಇದಾಗಬಾರದು.

ಕಾಲು: ಇಲ್ಲೇ ಗೆಲುವು, ಇಲ್ಲೇ ಸೋಲು

ಸಾಮಾನ್ಯ ಕಿಟ್ಟುಗಳಲ್ಲಿ ಬರುವ ಹಳದಿ ಪ್ಲಾಸ್ಟಿಕ್ ಮೋಟರಿಗೆ ಟಿಟಿ ಮೋಟರ್ ಎನ್ನುತ್ತಾರೆ. 3ರಿಂದ 6 ವೋಲ್ಟ್, ಗೇರ್ ಸಾಮಾನ್ಯವಾಗಿ 1:48, ಅಂದರೆ ಒಳಗಿನ ಮೋಟರ್ 48 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಅಗ್ಗ, ಎಲ್ಲೆಡೆ ಸಿಗುತ್ತದೆ, ಕಲಿಯಲು ಪರವಾಗಿಲ್ಲ. ಆದರೆ ಒಂದೇ ಪೊಟ್ಟಣದ ಎರಡು ಮೋಟರುಗಳೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಎರಡಕ್ಕೂ ಒಂದೇ ಆಜ್ಞೆ ಕೊಟ್ಟರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹೊಸಬರು ಇದನ್ನು ಕೋಡಿನಲ್ಲಿ ಸರಿಪಡಿಸಲು ಹೊರಡುತ್ತಾರೆ. ಎಡಕ್ಕೆ 200, ಬಲಕ್ಕೆ 187 ಎಂದು ವೇಗದ ಅಂಕಿ ಹೊಂದಿಸುತ್ತಾರೆ. ಬ್ಯಾಟರಿ ಸ್ವಲ್ಪ ಇಳಿಯಲಿ, ಆ ಲೆಕ್ಕ ಮತ್ತೆ ತಪ್ಪುತ್ತದೆ.

ಇದಕ್ಕೆ ಮದ್ದು ಎನ್‌ಕೋಡರ್. ಅದರಲ್ಲೂ ಎರಡು ದರ್ಜೆ. ಟಿಟಿ ಮೋಟರಿನ ಜೊತೆ ಬರುವ 20 ಸೀಳಿನ ತಟ್ಟೆ ಚಕ್ರದ ಒಂದು ಸುತ್ತಿಗೆ 20 ಮಿಡಿತ ಕೊಡುತ್ತದೆ. 65 ಮಿಲಿಮೀಟರ್ ಚಕ್ರವಾದರೆ ಸುತ್ತಳತೆ ಸುಮಾರು 204 ಮಿಲಿಮೀಟರ್, ಹಾಗಾಗಿ ಒಂದು ಮಿಡಿತಕ್ಕೆ 10 ಮಿಲಿಮೀಟರ್. ಎನ್20 ಎಂಬ ಪುಟ್ಟ ಲೋಹದ ಗೇರಿನ ಮೋಟರಿಗೆ ಬರುವ ಕಾಂತೀಯ ಎನ್‌ಕೋಡರ್ ಕೂತಿರುವುದು ಗೇರಿನ ಆಚೆ, ಮೋಟರಿನ ಬಾಲದಲ್ಲಿ. ಮೋಟರಿನ ಒಂದು ಸುತ್ತಿಗೆ 12 ಎಣಿಕೆ, ಗೇರ್ 50:1 ಎಂದಿಟ್ಟುಕೊಂಡರೆ ಚಕ್ರದ ಒಂದು ಸುತ್ತಿಗೆ 600. 32 ಮಿಲಿಮೀಟರ್ ಚಕ್ರದಲ್ಲಿ ಒಂದು ಎಣಿಕೆಗೆ ಮಿಲಿಮೀಟರಿನ ಆರನೇ ಒಂದು ಭಾಗ! 'ಒಂದು ಮೀಟರ್ ಹೋಗು, 90 ಡಿಗ್ರಿ ತಿರುಗು' ಎಂದು ಬರೆದ ಕೋಡ್ ನಿಜಕ್ಕೂ ಹಾಗೇ ನಡೆಯಬೇಕೆಂದರೆ ಎರಡನೆಯದೇ ಬೇಕು. ಪೊಲೊಲು ಕಂಪನಿಯ 3ಪೈ+, ಝೂಮೋ ರೋಬೋಟುಗಳಲ್ಲಿ ಈ ಬಗೆಯ ಏರ್ಪಾಡಿದೆ. ಅವು ದುಬಾರಿ ಎನಿಸುವುದು ಪಕ್ಕದಲ್ಲಿ ಹಳದಿ ಮೋಟರಿನ ಕಿಟ್ ಇಟ್ಟು ನೋಡಿದಾಗ ಮಾತ್ರ.

ಡ್ರೈವರಿನ ವಿಷಯ. ಬೋರ್ಡಿನ ಪಿನ್ನಿಂದ ನೇರ ಮೋಟರ್ ಓಡಿಸುವಂತಿಲ್ಲ. ಊನೊದ ಪಿನ್ ಆರಾಮವಾಗಿ ಕೊಡುವುದು 20 ಮಿಲಿಆಂಪಿಯರ್, ಅಡ್ಡಿ ಬಂದು ನಿಂತ ಟಿಟಿ ಮೋಟರ್ ಎಳೆಯುವುದು ಒಂದು ಆಂಪಿಯರಿನ ಆಸುಪಾಸು. ನಡುವೆ ಕೂರುವ ಡ್ರೈವರ್ ಕಿಟ್ಟುಗಳಲ್ಲಿ ಬಹುಪಾಲು ಎಲ್298ಎನ್, ಕಪ್ಪು ಹೀಟ್‌ಸಿಂಕ್ ಹೊತ್ತ ಕೆಂಪು ಬೋರ್ಡ್. ನೋಡಲು ಗಟ್ಟಿಮುಟ್ಟು. ಅದರೊಳಗಿನ ಹಳೇ ಕಾಲದ ಬೈಪೋಲಾರ್ ಟ್ರಾನ್ಸಿಸ್ಟರುಗಳು ಒಂದು ಆಂಪಿಯರಿಗೆ ಸುಮಾರು 1.8 ವೋಲ್ಟ್ ತಾವೇ ನುಂಗುತ್ತವೆ. ನಾಲ್ಕು ರೀಚಾರ್ಜ್ ಎಎ ಸೆಲ್ಲಿನ 4.8 ವೋಲ್ಟಿನಲ್ಲಿ ಅಷ್ಟು ಕಳೆದರೆ ಮೋಟರಿಗೆ ತಲುಪುವುದು 3 ವೋಲ್ಟ್. ಗಾಡಿ ತೆವಳದೆ ಇನ್ನೇನು ಮಾಡೀತು? ಟಿಬಿ6612 ಅಥವಾ ಡಿಆರ್‌ವಿ8833 ಮಾಸ್‌ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್ ಬಳಸುವ ಡ್ರೈವರುಗಳು. ಅಷ್ಟೇ ಕರೆಂಟಿಗೆ ಟಿಬಿ6612 ನುಂಗುವುದು ಅರ್ಧ ವೋಲ್ಟಿನಷ್ಟು. ಗಾತ್ರವೂ ಹೆಬ್ಬೆರಳಿನ ಉಗುರಿನಷ್ಟೇ. ಎಲ್298ಎನ್‌ಗೆ ಅನ್ಯಾಯ ಮಾಡಬಾರದು: ಎರಡು ಲಿಥಿಯಂ ಸೆಲ್ಲಿನ 7.4 ವೋಲ್ಟ್ ಕೊಟ್ಟರೆ ಕಳೆದುಳಿದದ್ದು ಟಿಟಿ ಮೋಟರಿಗೆ ಸರಿಹೊಂದುತ್ತದೆ. ತೊಂದರೆ ಇರುವುದು ನಾಲ್ಕು ಎಎ ಸೆಲ್ಲಿನ ಡಬ್ಬಿಯ ಜೊತೆ ಅದನ್ನು ಜೋಡಿಸಿ ಮಾರುವ ಕಿಟ್ಟಿನಲ್ಲಿ.

ಬ್ಯಾಟರಿಗೆ ಬಂದರೆ, ಚಿತ್ರದಲ್ಲಿ ಚೌಕಾಕಾರದ 9 ವೋಲ್ಟ್ ಬ್ಯಾಟರಿ ಕಂಡ ಕಿಟ್ಟನ್ನು ಅಲ್ಲಿಗೇ ಬಿಟ್ಟುಬಿಡಿ. ಅದು ಹೊಗೆ ಪತ್ತೆ ಮಾಡುವ ಯಂತ್ರದಂಥ, ಹನಿಹನಿಯಾಗಿ ಕರೆಂಟ್ ಬೇಡುವ ಸಾಧನಗಳಿಗೆ ಹೇಳಿದ್ದು. ಒಳಪ್ರತಿರೋಧ ಹೆಚ್ಚಿರುವುದರಿಂದ ಎರಡು ಮೋಟರ್ ಒಟ್ಟಿಗೆ ಶುರುವಾದ ಕ್ಷಣ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ಗೋಡೆಗೆ ತಾಗಿದಾಗ ಆಫ್ ಆಗಿ ಆನ್ ಆಗುವ ರೋಬೋಟಿನ ಗುಟ್ಟು ಇದೇ. ಮಕ್ಕಳಿರುವಲ್ಲಿ ಆರು ನಿಕ್ಕೆಲ್ ಮೆಟಲ್ ಹೈಡ್ರೈಡ್ ಎಎ ಸೆಲ್ (7.2 ವೋಲ್ಟ್) ನೆಮ್ಮದಿಯ ಆಯ್ಕೆ. 18650 ಲಿಥಿಯಂ ಸೆಲ್ ಹೆಚ್ಚು ಶಕ್ತಿ ಕೊಡುತ್ತದೆ, ಆದರೆ ಶಾರ್ಟ್ ಆದರೆ ಬೆಂಕಿಯ ಅಪಾಯ, ಮಿತಿ ಮೀರಿ ಖಾಲಿ ಮಾಡಿದರೆ ಸೆಲ್ ಹಾಳು. ರಕ್ಷಣಾ ಸರ್ಕ್ಯೂಟೂ ಸರಿಯಾದ ಚಾರ್ಜರೂ ಇಲ್ಲದ ಕಿಟ್ಟಿನಲ್ಲಿ ಅದು ಬೇಡ.

ಆಕಾರದ ಆಸೆ

ಚಕ್ರ ಬೇಸರ, ನಡೆಯುವುದು ಬೇಕು ಎನ್ನುವವರಿಗೆ ಒಟ್ಟೊ ಇದೆ. ನಾಲ್ಕು ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್), ಎರಡು ಅಗಲ ಪಾದ, ಮುಖದಲ್ಲಿ ಅಲ್ಟ್ರಾಸಾನಿಕ್ ಕಣ್ಣು. ವಿನ್ಯಾಸ ಮುಕ್ತ, 3ಡಿ ಪ್ರಿಂಟರ್ ಇದ್ದರೆ ಮೈಯನ್ನು ನೀವೇ ಅಚ್ಚು ತೆಗೆಯಬಹುದು. ಅದು ನಿಜಕ್ಕೂ ಸಮತೋಲನ ಮಾಡುವುದಿಲ್ಲ, ಪಾದ ದೊಡ್ಡದಾಗಿರುವುದರಿಂದ ಬೀಳುವುದಿಲ್ಲ, ಅಷ್ಟೇ. ಅಷ್ಟಾದರೂ ಮಕ್ಕಳು ಅದಕ್ಕೆ ಹೆಸರಿಡುತ್ತಾರೆ. ಗೆರೆ ಹಿಂಬಾಲಿಸುವ ಗಾಡಿಗೆ ಹೆಸರಿಟ್ಟವರನ್ನು ನಾನು ಕಂಡಿಲ್ಲ.

ಎರಡೇ ಚಕ್ರದ ಮೇಲೆ ನಿಲ್ಲುವ ರೋಬೋಟ್ ಕಣ್ಣಿಗೆ ಬಹಳ ಚೆಂದ. ಮೊದಲ ಕಿಟ್ಟಾಗಿ ಮಾತ್ರ ಬೇಡವೇ ಬೇಡ: ಸೆನ್ಸರ್, ಗೇರಿನ ಸಡಿಲ, ವಾಲಿದಷ್ಟನ್ನು ಕೂಡಲೇ ತಿದ್ದುವ ಪಿಐಡಿ ಲೆಕ್ಕ ಇವುಗಳಲ್ಲಿ ಯಾವುದು ಕೈಕೊಟ್ಟರೂ ಫಲ ಒಂದೇ, ಬೀಳುವುದು. ಏಕೆ ಬಿತ್ತೆಂದು ಹೊಸಬರಿಗೆ ತಿಳಿಯುವುದೇ ಇಲ್ಲ.

ರೋಬೋಟ್ ಕೈ ಬೇಕೆನ್ನುವವರು ಲೆಕ್ಕ ಹಾಕಿ ನೋಡಬೇಕು. ಅಗ್ಗದ ಕೈಗಳಲ್ಲಿರುವ ಎಸ್‌ಜಿ90 ಸರ್ವೊದ ಬಲ 4.8 ವೋಲ್ಟಿನಲ್ಲಿ 1.8 ಕಿಲೋಗ್ರಾಂ-ಸೆಂಟಿಮೀಟರ್. 10 ಸೆಂಟಿಮೀಟರ್ ದೂರದಲ್ಲಿ ಅದು ತಡೆಹಿಡಿಯಬಲ್ಲದ್ದು 180 ಗ್ರಾಂ. ಅದರಲ್ಲಿ ಕೈಯ ಸ್ವಂತ ತೂಕ, ಮುಂದಿನ ಸರ್ವೊಗಳ ತೂಕ ಕಳೆದರೆ ಎತ್ತಲು ಉಳಿಯುವುದು ರಬ್ಬರಿನ ತುಂಡು. ಕೈ ನಡುಗುತ್ತಲೂ ಇರುತ್ತದೆ. ಕೀಲುಗಳ ಚಲನೆ ಅರ್ಥ ಮಾಡಿಕೊಳ್ಳಲು ಇಷ್ಟು ಸಾಕು, ಕೆಲಸ ಮಾಡಿಸಲು ಸಾಲದು. ನಿಜವಾಗಿ ಹಿಡಿದೆತ್ತುವ ಕೈ ಬೇಕೆಂದರೆ ಎಐ ಕಂಪನಿ ಹಗಿಂಗ್ ಫೇಸ್‌ನ ಲೆರೋಬೋಟ್ ಸಾಫ್ಟ್‌ವೇರಿನ ಜೊತೆ ನಡೆಯುವ ಎಸ್‌ಒ-101 ಮಾದರಿ ನೋಡಿ. ತಾನು ಎಲ್ಲಿದ್ದೇನೆಂದು ತಿಳಿಸುವ ಸರ್ವೊಗಳು ಅದರಲ್ಲಿವೆ. ಒಂದು ಕೈಯನ್ನು ನೀವು ಆಡಿಸಿದರೆ ಇನ್ನೊಂದು ಅನುಕರಿಸುತ್ತದೆ, ಆ ದಾಖಲೆಯಿಂದ ಕೈಗೆ ಕೆಲಸ ಕಲಿಸಬಹುದು. ಹವ್ಯಾಸದಲ್ಲಿ ಪಳಗಿದವರ ಆಟಿಕೆ ಅದು, ಬೆಲೆಯೂ ಅದಕ್ಕೆ ತಕ್ಕಂತೆ.

ಹಾಗಾದರೆ ಯಾರಿಗೆ ಯಾವುದು

ಎಂಟು-ಹತ್ತರ ಮಗುವಿಗೆ, ಜೊತೆಗೆ ಕೂರಲು ದೊಡ್ಡವರೊಬ್ಬರು ಇದ್ದರೆ, ಮೈಕ್ರೋಬಿಟ್ ಗಾಡಿ. ಎರಡನೇ ಮೈಕ್ರೋಬಿಟ್ ಒಂದನ್ನು ತಪ್ಪದೆ ಸೇರಿಸಿ. ಕಟ್ಟಿ ಕೆಡವುವುದೇ ಖುಷಿಯಾದ ಮಗುವಿಗೆ ಲೆಗೊ ಬಗೆಯ ಕಚ್ಚಿಸಿ ಕಟ್ಟುವ ಸೆಟ್, ಜೇಬು ಅನುಮತಿಸಿದರೆ. ಬೆಸುಗೆ ಕಲಿಯಬೇಕೆಂಬ ಹದಿಹರೆಯದವರಿಗೆ ಎಲ್‌ಎಂ393 ಕಿಟ್, ಆಮೇಲೆ ಊನೊ. ಕೋಡ್ ಬಲ್ಲ, ಆದರೆ ಸ್ಕ್ರೂಡ್ರೈವರ್ ಹಿಡಿದು ಗೊತ್ತಿಲ್ಲದ ದೊಡ್ಡವರಿಗೆ ಪಿಕೊ ಮತ್ತು ಎನ್‌ಕೋಡರ್ ಇರುವ ಗಾಡಿ. ಅವರಿಗೆ ಅಗ್ಗದ ಕಿಟ್ ಕೊಟ್ಟರೆ ಯಂತ್ರದ ದೋಷವನ್ನು ಕೋಡಿನಲ್ಲಿ ಹುಡುಕುತ್ತ ರಾತ್ರಿ ಕಳೆಯುತ್ತಾರೆ. 37 ಸೆನ್ಸರ್ ತುಂಬಿದ ದೊಡ್ಡ ಪೆಟ್ಟಿಗೆಗಳು ಯಾರಿಗೂ ಬೇಡ. ಅದರಲ್ಲಿ ಮೂರು ನಾಲ್ಕನ್ನು ಬಳಸಿದರೆ ಹೆಚ್ಚು.

ಕೊಳ್ಳುವ ಮೊದಲು ಜೋಡಣೆಯ ಕೈಪಿಡಿ ಅಂತರ್ಜಾಲದಲ್ಲಿ ತೆರೆದು ಓದಲು ಸಿಗುತ್ತದೆಯೇ ನೋಡಿ. ಕೊಂಡ ಮೇಲೇ ಕೈಪಿಡಿ ತೋರಿಸುತ್ತೇವೆ ಎನ್ನುವವರನ್ನು ನಂಬುವುದು ಕಷ್ಟ. ಮೋಟರ್, ಚಕ್ರ, ಗೇರ್ ಬಿಡಿಯಾಗಿ ಸಿಗುತ್ತವೆಯೇ, ಆ್ಯಪ್ ಇಲ್ಲದೆ, ಖಾತೆ ತೆರೆಯದೆ ರೋಬೋಟ್ ನಡೆಯುತ್ತದೆಯೇ ಎಂಬುದನ್ನೂ ವಿಚಾರಿಸಿ.

ಕಿಟ್ ಯಾವುದೇ ಇರಲಿ, ಜೊತೆಗೆ ಒಂದು ಸಾದಾ ಮಲ್ಟಿಮೀಟರ್ ತರಿಸಿ. ರೋಬೋಟ್ ತೆವಳಿದ ದಿನ ಚಕ್ರಗಳನ್ನು ಬೆರಳಿನಿಂದ ಹಗುರವಾಗಿ ತಡೆದು ಮೊದಲು ಬ್ಯಾಟರಿಯ ತುದಿಯಲ್ಲಿ, ಆಮೇಲೆ ಮೋಟರಿನ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲೇ ಕುಸಿದಿದ್ದರೆ ಬ್ಯಾಟರಿ ಬದಲಿಸಿ. ಅಲ್ಲಿ ಸರಿಯಿದ್ದು ಮೋಟರಿನಲ್ಲಿ ಎರಡು ವೋಲ್ಟ್ ಕಡಿಮೆ ಕಂಡರೆ ನುಂಗಿದ್ದು ಡ್ರೈವರ್. ಎರಡೂ ಕಡೆ ಸರಿಯಿದ್ದರೆ ಆಗ ಕೋಡ್ ತೆರೆಯಿರಿ.